‘ಇತರೆ’ ಎಂಬ ಸಾಲು: ಭಾಷಾಗಣತಿಯಲ್ಲಿ ಮರೆಮಾಚಿದ, ಅಮಾನ್ಯವಾದ ಮತ್ತು ಮಿತಿಮೀರಿದ ಉತ್ತರಗಳ ಚರಿತ್ರೆ – ಏಕಸಂಬಿ ಸೀಮೆಯ ನೆಲೆಯಿಂದ

ಸಾರಾಂಶ

ಭಾರತದ ಜನಗಣತಿಯು ಮಾತೃಭಾಷೆಯನ್ನು ಕುರಿತು ಪಡೆಯುವ ಉತ್ತರಗಳಲ್ಲಿ ಒಂದು ಭಾಗ ಪ್ರಕಟಿತ ಕೋಷ್ಟಕಗಳ ‘ಇತರೆ’ ಎಂಬ ಸಾಲಿಗೆ ಸೇರುತ್ತದೆ. ಆ ಸಾಲಿಗೆ ಉತ್ತರಗಳು ಬಂದು ಸೇರುವ ದಾರಿಗಳು ಒಂದೇ ಅಲ್ಲ. ಕೆಲವು ಸಂಖ್ಯೆ ಚಿಕ್ಕದೆಂಬ ಕಾರಣಕ್ಕೆ ಮರೆಯಾದವು, ಕೆಲವು ಗುರುತಿಸಲಾಗದವೆಂಬ ಕಾರಣಕ್ಕೆ ಅಮಾನ್ಯವಾದವು. ಅನುಸೂಚಿಯ ಅಳತೆಯನ್ನು ಮೀರಿದ ಉತ್ತರಗಳು ಆ ಸಾಲನ್ನೂ ತಲುಪದೆ ಕತ್ತರಿಸಲ್ಪಟ್ಟವು. ಈ ಮೂರು ಕ್ರಿಯೆಗಳು ಕಾಲಕ್ರಮದಲ್ಲಿ ಹೇಗೆ ರೂಪುಗೊಂಡವು, ಪ್ರಕಟಿತ ಅಂಕಿಯಲ್ಲಿ ಅವುಗಳ ನಡುವಣ ಭೇದ ಹೇಗೆ ಅಳಿಸಿತು ಎಂಬುದನ್ನು ಚಿಕ್ಕೋಡಿ ತಾಲ್ಲೂಕಿನ ಏಕಸಂಬಿ ಮತ್ತು ಅದರ ಸುತ್ತಣ ಗಡಿಸೀಮೆಯನ್ನು ಕಣ್ಣೆದುರಿಗಿಟ್ಟುಕೊಂಡು ಈ ಲೇಖನ ಪರಿಶೀಲಿಸುತ್ತದೆ. ಸೂಕ್ಷ್ಮ ಭಾಷಾ ದತ್ತಾಂಶವನ್ನು ಕಾಪಾಡಲು ಈ ಮೂರನ್ನು ಬೇರೆ ಬೇರೆ ಗುರುತುಗಳಿಂದ ದಾಖಲಿಸುವುದು ಅಗತ್ಯವೆಂಬುದು ನಮ್ಮ ವಾದ.

ಕೀಲಿಪದಗಳು: ಜನಗಣತಿ, ಮಾತೃಭಾಷೆ, ದತ್ತಾಂಶದ ಮರೆಮಾಚುವಿಕೆ, ಅಮಾನ್ಯ ಉತ್ತರ, ಬಹುಭಾಷಿಕತೆ, ಬೆಳಗಾವಿ ಗಡಿಸೀಮೆ

1. ಪ್ರವೇಶ

ಏಕಸಂಬಿಯು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನಲ್ಲಿ, ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಗಡಿಗೆ ಹತ್ತಿರದಲ್ಲಿರುವ ಊರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳನ್ನೊಳಗೊಂಡ ಈ ಸೀಮೆಯಲ್ಲಿ ಕನ್ನಡ ಮತ್ತು ಮರಾಠಿಗಳು ಮನೆ, ಹೊಲ, ಸಂತೆ, ದೇವಸ್ಥಾನಗಳಲ್ಲಿ ಒಟ್ಟೊಟ್ಟಿಗೆ ಬಳಕೆಯಲ್ಲಿವೆ. ಉರ್ದು, ತೆಲುಗು ಮೂಲದ ನುಡಿಗಳು ಹಾಗೂ ಅಲೆಮಾರಿ ಸಮುದಾಯಗಳ ಮನೆಮಾತುಗಳೂ ಇಲ್ಲಿವೆ. ಇಂಥ ಸೀಮೆಯಲ್ಲಿ ‘ನಿಮ್ಮ ಮಾತೃಭಾಷೆ ಯಾವುದು?’ ಎಂಬ ಪ್ರಶ್ನೆಗೆ ದೊರೆಯುವ ಉತ್ತರವು ಭಾಷಾವಿಜ್ಞಾನಿಗೆ ದತ್ತಾಂಶ, ಆಡಳಿತಕ್ಕೆ ಅಂಕಿ, ಗಡಿವಾದಿಗೆ ಸಾಕ್ಷ್ಯ. ಉತ್ತರಿಸಿದ ಮನೆಯವರ ಪಾಲಿಗೆ ಅದು ಅನೇಕ ವೇಳೆ ಜಾತಿಯ, ಮೂಲದ ಗುರುತೂ ಹೌದು.

ದತ್ತಾಂಶವನ್ನು ಪ್ರಕಟಿಸುವವರು ಸೂಕ್ಷ್ಮವಾದುದನ್ನು ಮರೆಮಾಚಬೇಕೆಂಬುದು ಇಂದು ಸರ್ವಸಮ್ಮತ ತತ್ತ್ವ. ಆದರೆ ಮರೆಮಾಚುವ ಯಾವುದೇ ವಿಧಾನವು ಒಂದು ಪೂರ್ವಕಲ್ಪನೆಯ ಮೇಲೆ ನಿಂತಿರುತ್ತದೆ. ಉತ್ತರವು ನಿರೀಕ್ಷಿತ ಪಟ್ಟಿಯೊಳಗಿದೆ, ನಿರೀಕ್ಷಿತ ಅಳತೆಯೊಳಗಿದೆ ಎಂಬುದೇ ಆ ಕಲ್ಪನೆ. ಪಟ್ಟಿಯಲ್ಲಿಲ್ಲದ ಉತ್ತರ ಬಂದಾಗ, ಅಥವಾ ಅಂಕಣಕ್ಕೆ ಹಿಡಿಸದಷ್ಟು ದೊಡ್ಡ ಉತ್ತರ ಬಂದಾಗ ಏನು ಮಾಡಬೇಕು? ಗಣಕಯಂತ್ರದ ಯುಗದ ಸಮಸ್ಯೆಯಂತೆ ತೋರುವ ಈ ಪ್ರಶ್ನೆಯನ್ನು ಭಾರತದ ಭಾಷಾಗಣತಿಯು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಎದುರಿಸುತ್ತ ಬಂದಿದೆ. ಅದು ಕಂಡುಕೊಂಡ ಪರಿಹಾರಗಳನ್ನು ಅನುಕ್ರಮವಾಗಿ ನೋಡಿದರೆ ನಮ್ಮ ಕ್ಷೇತ್ರಕಾರ್ಯದ ದತ್ತಾಂಶವನ್ನು ನಿರ್ವಹಿಸಬೇಕಾದ ಬಗೆಯೂ ಸ್ಪಷ್ಟವಾಗುತ್ತದೆ.

ಈ ಲೇಖನದಲ್ಲಿ ಮೂರು ಪದಗಳನ್ನು ನಾವು ನಿಶ್ಚಿತ ಅರ್ಥದಲ್ಲಿ ಬಳಸಿದ್ದೇವೆ. ಉತ್ತರವು ತಿಳಿದಿದ್ದೂ ಪ್ರಕಟಣೆಯಲ್ಲಿ ತೋರದಂತೆ ಮಾಡುವುದು ‘ಮರೆಮಾಚುವಿಕೆ’. ಸಂಸ್ಥೆಯ ಅಂಗೀಕೃತ ಪಟ್ಟಿಯ ಯಾವ ಹೆಸರಿಗೂ ಜೋಡಿಸಲಾಗದ ಉತ್ತರ ‘ಅಮಾನ್ಯ’. ಅನುಸೂಚಿಯು ಕೊಟ್ಟ ಸ್ಥಳಕ್ಕಿಂತ ಹೆಚ್ಚನ್ನು ಹೇಳುವ ಉತ್ತರ ‘ಮಿತಿಮೀರಿದ್ದು’.

2. ಪ್ರಶ್ನೆ ಬದಲಾದಂತೆ ಮಾನ್ಯತೆಯೂ ಬದಲಾದದ್ದು

ಯಾವ ಉತ್ತರ ಅಮಾನ್ಯ ಎಂಬುದನ್ನು ಮೊದಲು ನಿರ್ಧರಿಸುವುದು ಪ್ರಶ್ನೆಯೇ. 1881ರ ಗಣತಿಯು ಮಾತೃಭಾಷೆಯನ್ನು ಕೇಳಿತು. 1891ರಲ್ಲಿ ಅದು ತಂದೆತಾಯಿಯರ ಭಾಷೆಯಾಯಿತು. 1901ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆಯನ್ನು ಕೇಳಲಾಯಿತು. ಮುಂದೆ 1931ರಿಂದ ‘ಮಾತೃಭಾಷೆ’ ಮತ್ತೆ ಬಂದು ನೆಲೆಯೂರಿತು. ಮನೆಯಲ್ಲಿ ಕನ್ನಡ, ವ್ಯವಹಾರದಲ್ಲಿ ಮರಾಠಿ ಆಡುವ ಗಡಿಸೀಮೆಯ ಒಬ್ಬ ವ್ಯಕ್ತಿಯ ಸರಿಯಾದ ಉತ್ತರವು ಈ ಮೂರು ಪ್ರಶ್ನೆಗಳಿಗೆ ಮೂರು ಬಗೆಯಾಗಿರಬಹುದು. ಪ್ರಶ್ನೆಯ ಪದವನ್ನು ಗಮನಿಸದೆ ದಶಕಗಳ ಅಂಕಿಗಳನ್ನು ಒಂದರ ಪಕ್ಕ ಒಂದನ್ನಿಟ್ಟು ಹೋಲಿಸುವುದು ಈ ಕಾರಣದಿಂದಲೇ ಅಪಾಯಕರ.

ಇದೇ ಅವಧಿಯಲ್ಲಿ ನಡೆದ ಗ್ರಿಯರ್ಸನ್ನರ ಭಾರತೀಯ ಭಾಷಾ ಸರ್ವೇಕ್ಷಣೆಯು ಬೇರೊಂದು ಧೋರಣೆಯನ್ನು ತಾಳಿತು. ಮದ್ರಾಸ್ ಪ್ರೆಸಿಡೆನ್ಸಿ, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳು ಸರ್ವೇಕ್ಷಣೆಯ ಹೊರಗುಳಿದುದರಿಂದ ಅದರ ಕನ್ನಡವು ಬಹುಮಟ್ಟಿಗೆ ಮುಂಬಯಿ ಪ್ರೆಸಿಡೆನ್ಸಿಯ, ಅಂದರೆ ಬೆಳಗಾವಿ, ಧಾರವಾಡ, ವಿಜಾಪುರ ಭಾಗದ ಕನ್ನಡ. ದ್ರಾವಿಡ ಭಾಷೆಗಳನ್ನೊಳಗೊಂಡ ನಾಲ್ಕನೆಯ ಸಂಪುಟ 1906ರಲ್ಲಿ ಪ್ರಕಟವಾಯಿತು. 179 ಭಾಷೆಗಳನ್ನೂ 544 ಉಪಭಾಷೆಗಳನ್ನೂ ಎಣಿಸಿದ ಈ ಸರ್ವೇಕ್ಷಣೆಯು ಚಿಕ್ಕ ನುಡಿಗಳಿಗೂ ಹೆಸರು ಕೊಟ್ಟು, ಮಾದರಿಗಳನ್ನು ಅಚ್ಚಿಸಿತು. ಮರೆಮಾಚುವ ಯೋಚನೆಯೇ ಅಲ್ಲಿರಲಿಲ್ಲ. ಅದರ ಪರಿಣಾಮ ಎಲ್ಲ ಸಮುದಾಯಗಳಿಗೂ ಒಂದೇ ಆಗಿರಲಿಲ್ಲ. 1922ರಲ್ಲಿ ಹೊರಬಂದ ಹನ್ನೊಂದನೆಯ ಸಂಪುಟವು ಅಲೆಮಾರಿಗಳ ನುಡಿಗಳನ್ನು, ಅವರ ಗುಪ್ತನುಡಿಗಳನ್ನೂ ಸೇರಿಸಿ, ವಿವರಿಸಿತು. ಆ ಹೊತ್ತಿಗೆ 1871ರಲ್ಲಿ ಮೊದಲಾದ ಅಪರಾಧಿ ಬುಡಕಟ್ಟುಗಳ ಕಾಯಿದೆಯಡಿ ಹಲವು ಸಮುದಾಯಗಳು ಹುಟ್ಟಿನಿಂದಲೇ ಪೊಲೀಸ್ ನಿಗಾವಣೆಗೆ ಒಳಗಾಗಿದ್ದವು. ಆ ಕಾಯಿದೆ ರದ್ದಾದುದು 1952ರಲ್ಲಿ. ಅಂಥ ಮನೆಯೊಂದರ ಮಾತಿನ ಹೆಸರು ದಾಖಲಾದರೆ ಮನೆಯ ಜಾತಿಯೂ ದಾಖಲಾದಂತೆಯೇ. ಭಾಷೆಯ ಹೆಸರು ತಾನೇ ಸೂಕ್ಷ್ಮ ದತ್ತಾಂಶವಾಗಬಲ್ಲದು ಎಂಬುದಕ್ಕೆ ನಮ್ಮ ಸೀಮೆಯ ಅಲೆಮಾರಿ ಸಮುದಾಯಗಳ ಚರಿತ್ರೆಗಿಂತ ಬೇರೆ ನಿದರ್ಶನ ಬೇಕಿಲ್ಲ.

3. ಅಂಕಿಯು ಸಾಕ್ಷ್ಯವಾದಾಗ

ಸ್ವಾತಂತ್ರ್ಯಾನಂತರ 1948ರ ಜನಗಣತಿ ಕಾಯಿದೆಯು ವ್ಯಕ್ತಿಯ ಉತ್ತರಕ್ಕೆ ಗೋಪ್ಯತೆಯ ರಕ್ಷಣೆ ಕೊಟ್ಟಿತು. ಅದರ 15ನೆಯ ಪ್ರಕರಣದ ಪ್ರಕಾರ ಗಣತಿಯ ಅನುಸೂಚಿಗಳನ್ನು ಯಾರೂ ಪರಿಶೀಲನೆಗೆ ಕೇಳುವಂತಿಲ್ಲ. ಅವು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಯೂ ಸಲ್ಲುವುದಿಲ್ಲ. ಆದರೆ ವ್ಯಕ್ತಿಗಳ ಉತ್ತರಗಳನ್ನು ಕೂಡಿಸಿ ಬಂದ ಮೊತ್ತಕ್ಕೆ ಇಂಥ ರಕ್ಷಣೆ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ರಾಜ್ಯಗಳ ಪುನರ್ವಿಂಗಡಣೆಯ ದಶಕದಲ್ಲಿ ಮೊತ್ತವೇ ಸೂಕ್ಷ್ಮವಾಯಿತು.

1955ರ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿಯು ಶೇ. 70ರಷ್ಟು ಒಂದೇ ಭಾಷೆಯವರಿದ್ದರೆ ಏಕಭಾಷಿಕ ರಾಜ್ಯ, ಶೇ. 30ರಷ್ಟು ಅಲ್ಪಸಂಖ್ಯಾತರಿದ್ದರೆ ದ್ವಿಭಾಷಿಕ ರಾಜ್ಯ ಎಂಬ ಮಾನದಂಡವನ್ನು ಮುಂದಿಟ್ಟಿತು. 1956ರ ನವೆಂಬರ್ 1ರಂದು ಚಂದಗಡ ತಾಲ್ಲೂಕೊಂದನ್ನು ಬಿಟ್ಟು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯನ್ನು ಘಟಕವಾಗಿ ಎಣಿಸಿದ ಈ ತೀರ್ಮಾನವನ್ನು ಒಪ್ಪದ ಮಹಾರಾಷ್ಟ್ರವು ಗ್ರಾಮವೇ ಘಟಕವಾಗಬೇಕೆಂದು, ಭಾಷಿಕ ಬಹುಮತ ಹಾಗೂ ಭೌಗೋಳಿಕ ಸಾತತ್ಯಗಳು ಆಧಾರವಾಗಬೇಕೆಂದು ವಾದಿಸಿತು. 1966ರಲ್ಲಿ ರಚನೆಯಾದ ಮಹಾಜನ ಆಯೋಗವು 1967ರಲ್ಲಿ ವರದಿ ಸಲ್ಲಿಸಿತು. ನಿಪ್ಪಾಣಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬುದೂ ಅದರ ಶಿಫಾರಸುಗಳಲ್ಲಿತ್ತು. ಶಿಫಾರಸುಗಳು ಜಾರಿಯಾಗಲಿಲ್ಲ. 2004ರಲ್ಲಿ ಮಹಾರಾಷ್ಟ್ರವು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿತು.

ಈ ವಾದದ ಸರಿತಪ್ಪುಗಳು ನಮ್ಮ ವಿಷಯವಲ್ಲ. ಘಟಕವು ಜಿಲ್ಲೆಯಿಂದ ಗ್ರಾಮಕ್ಕೆ ಇಳಿದಾಗ ದತ್ತಾಂಶದ ಸ್ವರೂಪದಲ್ಲಿ ಆಗುವ ಬದಲಾವಣೆಯನ್ನಷ್ಟೇ ನಾವು ಗಮನಿಸುತ್ತೇವೆ. ಜಿಲ್ಲೆಯ ಮೊತ್ತದಲ್ಲಿ ಒಂದು ಮನೆಯ ಉತ್ತರ ಕಾಣುವುದಿಲ್ಲ. ಗ್ರಾಮದ ಮೊತ್ತದಲ್ಲಿ ಅದು ಕಾಣಬಹುದು, ಬಹುಮತವನ್ನು ತಿರುಗಿಸಲೂಬಹುದು. ಹೀಗಾಗಿ ಮನೆಯವರ ಉತ್ತರದ ಮೇಲೆ ಒತ್ತಡ ಬೀಳುತ್ತದೆ. ಒತ್ತಡದಲ್ಲಿ ಬಂದ ಉತ್ತರವು ಪಟ್ಟಿಯ ದೃಷ್ಟಿಯಿಂದ ಮಾನ್ಯವಾಗಿದ್ದರೂ ಭಾಷಿಕ ಸಂಗತಿಯಾಗಿ ನಂಬಲರ್ಹವಾಗಿ ಉಳಿಯುವುದಿಲ್ಲ.

ಇದಕ್ಕೆ ಸ್ಪಷ್ಟ ಪೂರ್ವನಿದರ್ಶನ ನಮ್ಮ ಸೀಮೆಯಿಂದ ದೂರದ ಪಂಜಾಬಿನಲ್ಲಿದೆ. 1951ರ ಗಣತಿಯ ಕಾಲಕ್ಕೆ ಅಲ್ಲಿ ಹಿಂದಿ–ಪಂಜಾಬಿ ವಿವಾದವು ಉತ್ತರಗಳ ಮೇಲೆ ತೀವ್ರ ಪ್ರಭಾವ ಬೀರಿತು. ಆಗ ಹಿಂದಿ, ಉರ್ದು, ಪಂಜಾಬಿ, ಪಹಾಡಿಗಳನ್ನು ಬಿಡಿಬಿಡಿಯಾಗಿ ಕೊಡದೆ ಒಂದೇ ಶೀರ್ಷಿಕೆಯಡಿ ಕೂಡಿಸಿ ಪ್ರಕಟಿಸಲಾಯಿತು. ನಂಬಲಾಗದ ಉತ್ತರವನ್ನು ನಿರ್ವಹಿಸುವ ಕೆಲಸ ಮತ್ತು ಸೂಕ್ಷ್ಮ ಅಂಕಿಯನ್ನು ಮರೆಮಾಚುವ ಕೆಲಸ ಇಲ್ಲಿ ಒಂದೇ ಕ್ರಿಯೆಯಲ್ಲಿ ಮುಗಿದವು. ಕೋಷ್ಟಕವನ್ನಷ್ಟೇ ನೋಡುವ ಓದುಗನಿಗೆ ಎರಡರಲ್ಲಿ ಯಾವುದು ಎಷ್ಟರಮಟ್ಟಿಗೆ ನಡೆಯಿತೆಂದು ಬಿಡಿಸಿ ಹೇಳಲು ಬರುವುದಿಲ್ಲ. ಮುಂದಿನ ದಶಕಗಳಲ್ಲಿ ‘ಇತರೆ’ ಸಾಲಿನಲ್ಲಿ ಆದದ್ದೂ ಇದೇ.

4. ಹತ್ತು ಸಾವಿರದ ಮಿತಿ: ಯಾರಿಗೆ ಮರೆ?

1961ರ ಗಣತಿಯು 1652 ಮಾತೃಭಾಷೆಗಳ ಹೆಸರುಗಳನ್ನು ಪ್ರಕಟಿಸಿತು. ಬೆರಳೆಣಿಕೆಯಷ್ಟು ಜನ ಹೇಳಿದ ಹೆಸರುಗಳೂ ವರ್ಗೀಕರಿಸಲಾಗದ ಹೆಸರುಗಳೂ ಅದರಲ್ಲಿದ್ದವು. ಭಾಷಾವಿಜ್ಞಾನಿಗಳು ಇಂದಿಗೂ ಆ ಪಟ್ಟಿಗೆ ಮರಳುವುದು ಈ ಕಾರಣಕ್ಕಾಗಿ. 1971ರಲ್ಲಿ ಇಡೀ ದೇಶದಲ್ಲಿ 10,000ಕ್ಕಿಂತ ಕಡಿಮೆ ಮಂದಿ ಹೇಳಿದ ಹೆಸರುಗಳನ್ನು ಪ್ರತ್ಯೇಕವಾಗಿ ತೋರಿಸದೆ ‘ಇತರೆ’ಗೆ ಸೇರಿಸುವ ಪದ್ಧತಿ ಬಂತು, ಮುಂದೆ ಅದೇ ಉಳಿಯಿತು.

ಈ ಮಿತಿಯನ್ನು ಗೋಪ್ಯತೆಯ ಉಪಾಯವೆಂದು ಭಾವಿಸುವವರು ಅದು ಏನನ್ನು ಅಳೆಯುತ್ತದೆ ಎಂಬುದನ್ನು ಗಮನಿಸಬೇಕು. ಅದು ಅಳೆಯುವುದು ಭಾಷೆಯ ಅಖಿಲ ಭಾರತ ಮೊತ್ತವನ್ನು. ಕೋಷ್ಟಕದ ಒಂದು ಕೋಶದಲ್ಲಿ ಎಷ್ಟು ಜನರಿದ್ದಾರೆಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. ದೇಶದಲ್ಲಿ ಕೋಟಿಗಟ್ಟಲೆ ಜನರಾಡುವ ಭಾಷೆಯೊಂದನ್ನು ಒಂದು ತಾಲ್ಲೂಕಿನಲ್ಲಿ ಒಂದೇ ಮನೆಯವರು ಹೇಳಿದ್ದರೆ ಆ ತಾಲ್ಲೂಕಿನ ಕೋಷ್ಟಕದಲ್ಲಿ ಒಂದಂಕಿಯ ಸಂಖ್ಯೆ ಹಾಗೆಯೇ ಅಚ್ಚಾಗುತ್ತದೆ. ಊರವರಿಗೆ ಆ ಮನೆ ಯಾವುದೆಂದು ಹೇಳಿಕೊಡಬೇಕಾಗಿಲ್ಲ. ಅದಕ್ಕೆ ಪ್ರತಿಯಾಗಿ ಹಲವು ಜಿಲ್ಲೆಗಳಲ್ಲಿ ಹರಡಿಕೊಂಡಿರುವ 9,000 ಜನರ ನುಡಿಯೊಂದು, ಅದನ್ನಾಡುವವರು ತಮ್ಮ ನುಡಿಯ ಹೆಸರನ್ನು ಕಾಣಲು ಬಯಸಿದರೂ, ಕಾಣಿಸುವುದಿಲ್ಲ. ಬಯಲಾಗಬಾರದ ಮನೆ ಬಯಲಾಗುತ್ತದೆ, ಬಯಲಾಗಬಹುದಾದ ಭಾಷೆ ಮರೆಯಾಗುತ್ತದೆ. ಅಲೆಮಾರಿ ಸಮುದಾಯಗಳ ವಿಷಯದಲ್ಲಿ ಈ ಎರಡು ನಷ್ಟಗಳೂ ಒಟ್ಟಿಗೆ ತಟ್ಟುತ್ತವೆ: ಸಮುದಾಯಕ್ಕೆ ಬೇಕಾದ ಎಣಿಕೆ ದೊರೆಯುವುದಿಲ್ಲ, ವ್ಯಕ್ತಿಗೆ ಬೇಕಾದ ಮರೆಯೂ ದೊರೆಯುವುದಿಲ್ಲ.

‘ಇತರೆ’ ಎಂದು ಬರೆದ ಮಾತ್ರಕ್ಕೆ ಮರೆ ಪೂರ್ಣವಾಗುವುದೂ ಇಲ್ಲ. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ಒಂದು ಘಟಕದಲ್ಲಿ 1,000 ಜನರಿದ್ದು ಕನ್ನಡ 640, ಮರಾಠಿ 310, ಉರ್ದು 44, ಇತರೆ 6 ಎಂದು ಪ್ರಕಟವಾಗಿದೆ ಎನ್ನೋಣ. ಆ ಆರು ಜನ ಒಂದೇ ಮನೆಯವರಾಗಿರುವ ಸಂಭವ ಹೆಚ್ಚು. ಹಿಂದಿನ ಗಣತಿಯ ಅಥವಾ ದೊಡ್ಡ ಘಟಕದ ಕೋಷ್ಟಕದಲ್ಲಿ ಭಾಷೆಯ ಹೆಸರಿದ್ದರೆ ಕಳೆಯುವ ಲೆಕ್ಕದಿಂದಲೇ ಉಳಿದದ್ದು ತಿಳಿದುಬರುತ್ತದೆ. ನಮ್ಮ ಸೀಮೆಯಲ್ಲಿ ಇದು ಬರಿಯ ಊಹೆಯಲ್ಲ. ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರ್ಪಟ್ಟು ಹೊಸ ತಾಲ್ಲೂಕುಗಳಾಗಿವೆ. ಘಟಕ ಒಡೆದಾಗ ಹಳೆಯ ಅಂಕಿಯಿಂದ ಹೊಸ ಅಂಕಿಯನ್ನು ಕಳೆದು ನೋಡುವ ಅವಕಾಶ ತಾನಾಗಿಯೇ ಒದಗುತ್ತದೆ. ಆದುದರಿಂದ ಒಂದು ಕೋಷ್ಟಕವನ್ನು ಮರೆಮಾಚುವಾಗ ಅದರೊಡನೆ ಇಟ್ಟು ಓದಬಹುದಾದ ಇತರ ಕೋಷ್ಟಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

5. ಅಮಾನ್ಯ ಉತ್ತರಗಳು

1991ರ ಗಣತಿಯಲ್ಲಿ ಜನರು ಹೇಳಿದಂತೆ ಬರೆದುಕೊಂಡ ಮಾತೃಭಾಷೆಯ ಹೆಸರುಗಳು 10,400. ಅವನ್ನು ಪರಿಷ್ಕರಿಸಿ 1576 ಮಾತೃಭಾಷೆಗಳನ್ನು ಗುರುತಿಸಲಾಯಿತು. 1796 ಹೆಸರುಗಳು ‘ವರ್ಗೀಕರಿಸದವು’ ಎಂದು ಉಳಿದವು. 2001ರಲ್ಲಿ ಹೇಳಿದ ಹೆಸರುಗಳು 6661, ಪರಿಷ್ಕೃತ 1635, ವರ್ಗೀಕರಿಸದವು 1957. 2011ರಲ್ಲಿ ಹೇಳಿದ ಹೆಸರುಗಳು 19,569ಕ್ಕೆ ಏರಿದವು, ಪರಿಷ್ಕೃತ ಮಾತೃಭಾಷೆಗಳು 1369ಕ್ಕೆ ಇಳಿದವು, ವರ್ಗೀಕರಿಸದವು 1474. ಕಚ್ಚಾ ಹೆಸರುಗಳು ಹಿಂದಿನ ದಶಕದ ಸುಮಾರು ಮೂರರಷ್ಟಾದಾಗ ಪರಿಷ್ಕೃತ ಹೆಸರುಗಳು ಕಡಿಮೆಯಾದವೆಂಬುದು ಗಮನಾರ್ಹ. ಜನರು ಆಡುವ ಭಾಷೆಗಳ ಸಂಖ್ಯೆ ಹತ್ತು ವರ್ಷಗಳಲ್ಲಿ ಹೀಗೆ ಏರಿಳಿಯುವುದಿಲ್ಲ. ಬರೆದುಕೊಳ್ಳುವ ರೀತಿ ಮತ್ತು ಜೋಡಿಸುವ ಪಟ್ಟಿ ಬದಲಾದಾಗ ಮಾತ್ರ ಇಂಥ ಅಂತರ ಸಾಧ್ಯ.

ಪರಿಷ್ಕರಣೆಯನ್ನು ಬೇಡವೆನ್ನಲಾಗದು. ಒಂದೇ ನುಡಿಯನ್ನು ಹಲವು ಕಾಗುಣಿತಗಳಲ್ಲಿ ಬರೆದಿರುತ್ತಾರೆ. ಜಾತಿಯ, ಊರಿನ, ಕಸುಬಿನ ಹೆಸರನ್ನೇ ಭಾಷೆಯ ಹೆಸರಾಗಿ ಹೇಳಿರುತ್ತಾರೆ. ಅವನ್ನು ಕೂಡಿಸದೆ ಕೋಷ್ಟಕ ಸಿದ್ಧವಾಗುವುದಿಲ್ಲ. ಕೂಡಿಸಿದ ಮೇಲೆ ಉಳಿಯುವ ಹೆಸರುಗಳ ಗತಿ ನಮ್ಮ ಪ್ರಶ್ನೆ. 2011ರ 1369 ಪರಿಷ್ಕೃತ ಮಾತೃಭಾಷೆಗಳಲ್ಲಿ 10,000ದ ಮಿತಿಯನ್ನು ದಾಟಿದವು 270. ಉಳಿದ 1099 ಹೆಸರುಗಳು ಯಾವ ನುಡಿಯವೆಂದು ಗಣತಿಗೆ ತಿಳಿದಿದೆ. ಚಿಕ್ಕವೆಂದು ಅವನ್ನು ಮರೆಮಾಚಲಾಗಿದೆ. 1474 ಹೆಸರುಗಳು ಯಾವ ನುಡಿಯವೆಂದು ತಿಳಿದಿಲ್ಲ, ಅವು ಅಮಾನ್ಯ. ಪ್ರಕಟಿತ ಕೋಷ್ಟಕದಲ್ಲಿ ಮೊದಲನೆಯ ಗುಂಪಿನ ಒಂದು ಭಾಗ ಆಯಾ ಭಾಷೆಯ ಕೆಳಗಣ ‘ಇತರೆ’ಯಲ್ಲಿದೆ. ಇನ್ನೊಂದು ಭಾಗವು ಎರಡನೆಯ ಗುಂಪಿನೊಡನೆ ಬೆರೆತು, ‘ಇತರ ಭಾಷೆಗಳು’ ಎಂಬ ಸುಮಾರು 18.8 ಲಕ್ಷ ಜನರ ಒಂದೇ ಮೊತ್ತದೊಳಗಿದೆ. ತಿಳಿದೂ ಹೇಳದಿದ್ದದ್ದು ಮತ್ತು ತಿಳಿಯದೆ ಹೇಳದಿದ್ದದ್ದು ಇವೆರಡರ ಭೇದ ಆ ಮೊತ್ತದಲ್ಲಿ ಅಳಿಸಿಹೋಗಿದೆ.

ಭಾಷಾವಿಜ್ಞಾನಕ್ಕೆ ಈ ಭೇದ ಮುಖ್ಯ. ಅಮಾನ್ಯವೆಂದು ಬಿದ್ದ ಹೆಸರು ಇನ್ನೂ ವಿವರಣೆಗೊಳ್ಳದ ನುಡಿಯೊಂದರದ್ದಿರಬಹುದು. ಅದನ್ನು ಹುಡುಕಿಕೊಂಡು ಹೋಗುವುದು ನಮ್ಮ ವೃತ್ತಿ. ಮರೆಮಾಚಿದ ಹೆಸರಿನ ವಿಷಯದಲ್ಲಿ ಹುಡುಕುವ ಕೆಲಸವಿಲ್ಲ, ಕೇಳಿ ಪಡೆಯುವ ಕೆಲಸವಿದೆ. 2010ರಲ್ಲಿ ಆರಂಭವಾದ ಗಣೇಶ ದೇವಿಯವರ ನೇತೃತ್ವದ ಭಾರತೀಯ ಜನಭಾಷಾ ಸಮೀಕ್ಷೆಯು 780 ಭಾಷೆಗಳನ್ನು ಗುರುತಿಸಿತು. ಗಣತಿಯ 2011ರ 121 ಭಾಷೆಗಳೊಡನೆ ಈ ಸಂಖ್ಯೆಯನ್ನು ಹೋಲಿಸಿ ನಡೆಯುವ ಚರ್ಚೆಗಳಲ್ಲಿ ಎಷ್ಟು ಅಂತರ ಮಿತಿಯಿಂದ ಬಂದದ್ದು, ಎಷ್ಟು ವರ್ಗೀಕರಣದಿಂದ ಬಂದದ್ದು ಎಂದು ಬಿಡಿಸಿ ಹೇಳಲಾಗದಿರುವುದಕ್ಕೆ ಒಂದು ಕಾರಣ ಈ ಬೆರಕೆಯೇ.

ಅಮಾನ್ಯವನ್ನು ನಿರ್ವಹಿಸುವ ಇನ್ನೊಂದು ಬಗೆಯೂ ಗಣತಿಯಲ್ಲಿದೆ. ಶಿಶುಗಳು ಹಾಗೂ ಕಿವಿ ಕೇಳದ, ಮಾತು ಬಾರದ ವ್ಯಕ್ತಿಗಳ ವಿಷಯದಲ್ಲಿ ತಾಯಿ ಸಾಮಾನ್ಯವಾಗಿ ಆಡುವ ಭಾಷೆಯನ್ನು ಬರೆಯಬೇಕೆಂದು ಗಣತಿದಾರರಿಗೆ ಸೂಚನೆಯಿತ್ತು. ಇಲ್ಲಿ ಉತ್ತರವನ್ನು ತಿರಸ್ಕರಿಸಿಲ್ಲ. ಬೇರೆಯವರ ಉತ್ತರವನ್ನು ಆ ಜಾಗದಲ್ಲಿ ತುಂಬಲಾಗಿದೆ. ಹೀಗೆ ತುಂಬಿದ ಉತ್ತರವು ‘ಇತರೆ’ಗೆ ಹೋಗದೆ ಕನ್ನಡದಲ್ಲೋ ಮರಾಠಿಯಲ್ಲೋ ಸೇರಿಹೋಗುತ್ತದೆ. ಸಂಜ್ಞಾಭಾಷೆಯನ್ನು ಮೊದಲ ಭಾಷೆಯಾಗಿ ಬಳಸುವವರು ಆ ಮೊತ್ತದಲ್ಲಿ ಯಾವ ಗುರುತೂ ಇಲ್ಲದೆ ಕರಗಿದ್ದಾರೆ. ಖಾಲಿಯನ್ನು ತುಂಬಿದರೆ ತುಂಬಿದ್ದೆಂಬ ಗುರುತು ಉಳಿಯಬೇಕೆಂಬ ಪಾಠವನ್ನು ನಾವು ಇದರಿಂದ ಕಲಿಯಬಹುದು.

6. ಮಿತಿಮೀರಿದ ಉತ್ತರಗಳು

ಗಣತಿಯ ಅನುಸೂಚಿಯು ಮಾತೃಭಾಷೆಗೆ ಒಂದು ಸ್ಥಾನವನ್ನೂ ಬಲ್ಲ ಇತರ ಭಾಷೆಗಳಿಗೆ ಎರಡು ಸ್ಥಾನಗಳನ್ನೂ ಕೊಡುತ್ತದೆ. ಏಕಸಂಬಿಯಂಥ ಊರಿನಲ್ಲಿ ಮನೆಯಲ್ಲಿ ಕನ್ನಡವಾಡಿ, ಮರಾಠಿ ಮತ್ತು ಹಿಂದಿ ಬಲ್ಲ, ಶಾಲೆಯಲ್ಲಿ ಇಂಗ್ಲಿಷ್ ಕಲಿತ ವ್ಯಕ್ತಿಯ ನಾಲ್ಕನೆಯ ಭಾಷೆಗೆ ಅಲ್ಲಿ ಜಾಗವಿಲ್ಲ. ಪ್ರಾವೀಣ್ಯದ ಕ್ರಮದಲ್ಲಿ ಎರಡನ್ನು ಬರೆದು ಉಳಿದದ್ದನ್ನು ಬಿಡಬೇಕು. ಇದರಿಂದ ಮೂರಕ್ಕಿಂತ ಹೆಚ್ಚು ಭಾಷೆ ಬಲ್ಲವರ ಸಂಖ್ಯೆ ಗಣತಿಯಿಂದ ಎಂದಿಗೂ ದೊರೆಯುವುದಿಲ್ಲ. ಮೂರು ಎಂದು ದಾಖಲಾದುದರ ಅರ್ಥ ‘ಮೂರು ಅಥವಾ ಹೆಚ್ಚು’. ವಯಸ್ಸನ್ನು ‘ನೂರು ಮತ್ತು ಮೇಲ್ಪಟ್ಟು’ ಎಂದು ಮೇಲ್ಮಿತಿಯಿಟ್ಟು ತೋರಿಸುವುದುಂಟು. ಅಲ್ಲಿ ಮಿತಿ ಇದೆಯೆಂದು ಕೋಷ್ಟಕವೇ ಹೇಳುತ್ತದೆ. ತ್ರಿಭಾಷಿಕತೆಯ ಕೋಷ್ಟಕವು ಹೇಳುವುದಿಲ್ಲ.

ಮಾತೃಭಾಷೆಯ ಒಂದೇ ಸ್ಥಾನದಲ್ಲೂ ಈ ತೊಡಕಿದೆ. ಕನ್ನಡ ಮತ್ತು ಮರಾಠಿ ಎರಡೂ ತನ್ನ ಮನೆಯ ಭಾಷೆಗಳೆಂದು ಹೇಳುವವರ ಉತ್ತರವು ಸುಳ್ಳಲ್ಲ, ಅಸ್ಪಷ್ಟವೂ ಅಲ್ಲ; ಸ್ಥಾನಕ್ಕೆ ದೊಡ್ಡದು. ಅದನ್ನು ಒಂದಕ್ಕೆ ಇಳಿಸುವ ಕೆಲಸ ಮನೆಯ ಬಾಗಿಲಲ್ಲೇ ನಡೆಯುತ್ತದೆ, ಅದರ ದಾಖಲೆ ಉಳಿಯುವುದಿಲ್ಲ.

ಕಾಗವಾಡಕ್ಕೆ ಹತ್ತಿರದ ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಗುಂಪರ್ಜ್ ಮತ್ತು ವಿಲ್ಸನ್ ನಡೆಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನವು ಹೀಗೆ ಕತ್ತರಿಸಿಹೋಗುವುದರ ಮೌಲ್ಯವನ್ನು ತೋರಿಸಿಕೊಟ್ಟಿದೆ. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳನ್ನಾಡುವವರು ಶತಮಾನಗಳಿಂದ ಜೊತೆಗಿದ್ದು, ಪದಕೋಶದಲ್ಲಿ ಬೇರೆಯಾಗಿ ಉಳಿದು, ವಾಕ್ಯರಚನೆಯಲ್ಲಿ ಒಂದನ್ನೊಂದು ತೀರ ಸಮೀಪಿಸಿದ್ದಾರೆ. ಗಣತಿಯ ಕೋಷ್ಟಕದಲ್ಲಿ ಕುಪವಾಡವು ನಾಲ್ಕು ಪ್ರತ್ಯೇಕ ಅಂಕಿಗಳು. ಭಾಷಾವಿಜ್ಞಾನಕ್ಕೆ ಅದು ಮುಖ್ಯವಾದುದು ಆ ನಾಲ್ಕರ ನಡುವಿನ ಸಂಬಂಧದಿಂದ, ಎಂದರೆ ಅಂಕಣಕ್ಕೆ ಹಿಡಿಸದೆ ಹೋದ ಭಾಗದಿಂದ.

7. ನಮ್ಮ ದಾಖಲೆಗಳಲ್ಲಿ ಹೆಸರು

ಗಣತಿಯ ಈ ಸಮಸ್ಯೆಗಳು ಕ್ಷೇತ್ರಕಾರ್ಯದ ಧ್ವನಿಮುದ್ರಣ, ಲಿಪ್ಯಂತರ ಮತ್ತು ಪಠ್ಯಕೋಶಗಳಲ್ಲಿ ಚಿಕ್ಕ ಪ್ರಮಾಣದಲ್ಲಿ ಮರುಕಳಿಸುತ್ತವೆ. ಕರ್ನಾಟಕದ ಗ್ರಾಮಾಧ್ಯಯನಗಳಲ್ಲಿ ಊರಿನ ಹೆಸರನ್ನು ಬದಲಿಸುವ ಪರಂಪರೆ ಗಟ್ಟಿಯಾಗಿದೆ. ಎಂ. ಎನ್. ಶ್ರೀನಿವಾಸರ ‘ರಾಂಪುರ’, ಕೆ. ಈಶ್ವರನ್ ಅವರ ‘ಶಿವಾಪುರ’, ಸ್ಕಾರ್ಲೆಟ್ ಎಪ್‌ಸ್ಟೀನರ ‘ವಂಗಲ’ ಇವೆಲ್ಲ ಮರೆಯ ಹೆಸರುಗಳು. ಉಪಭಾಷಾ ಅಧ್ಯಯನಕ್ಕೆ ಈ ದಾರಿ ಸುಲಭವಲ್ಲ, ಏಕೆಂದರೆ ಊರು ನಮಗೆ ಹಿನ್ನೆಲೆಯಲ್ಲ, ದತ್ತಾಂಶವೇ. ಹಾಗಾಗಿ ಊರನ್ನು ಉಳಿಸಿ ವ್ಯಕ್ತಿಯನ್ನು ಮರೆಮಾಚಬೇಕಾಗುತ್ತದೆ.

ಆದರೆ ಈ ಸೀಮೆಯಲ್ಲಿ ವ್ಯಕ್ತಿಯ ಅಡ್ಡಹೆಸರಿನಲ್ಲಿ ಊರಿದೆ. ಅಥಣಿ, ಹುಕ್ಕೇರಿ ಎಂದು ಊರಿನ ಹೆಸರೇ ಅಡ್ಡಹೆಸರಾಗುವುದು ಕನ್ನಡದ ರೂಢಿ. ಬೆಳಗಾಂವಕರ, ನಿಪ್ಪಾಣಿಕರ ಎಂದು ‘-ಕರ’ ಪ್ರತ್ಯಯ ಹತ್ತುವುದು ಮರಾಠಿಯ ರೂಢಿ. ಊರುಗಳ ಪಟ್ಟಿಯನ್ನು ನೋಡಿ ‘ಊರು, ಉಳಿಸು’ ಎಂದು ತೀರ್ಮಾನಿಸುವ ಕ್ರಮವಿಧಿಯು ‘ಅಥಣಿ’ ಎಂಬ ಅಡ್ಡಹೆಸರನ್ನು ಬಯಲು ಮಾಡುತ್ತದೆ. ಅಡ್ಡಹೆಸರುಗಳ ಪಟ್ಟಿಯನ್ನು ನೋಡಿ ಮರೆಮಾಚುವ ಕ್ರಮವಿಧಿಯು ಸಂತೆಯ ಮಾತಿನಲ್ಲಿ ಬಂದ ಅಥಣಿಯನ್ನೂ ಅಳಿಸುತ್ತದೆ. ಪ್ರತ್ಯಯದ ಆಯ್ಕೆ ತಾನೇ ಭಾಷಾಸಂಪರ್ಕದ ಸಾಕ್ಷ್ಯವಾದುದರಿಂದ ಹೆಸರನ್ನು ಪೂರ್ತಿ ಅಳಿಸಿದರೆ ಅಧ್ಯಯನದ ವಸ್ತುವೂ ಹೋಗುತ್ತದೆ. ‘ಊರು + -ಕರ’ ಎಂಬ ರಚನೆಯನ್ನು ಉಳಿಸಿ ಊರನ್ನಷ್ಟೇ ಬದಲಿಸುವುದು ಇದಕ್ಕೆ ಒಂದು ಪರಿಹಾರ.

ಪಟ್ಟಿಯಲ್ಲಿಲ್ಲದ ರೂಪಗಳು ಇನ್ನೂ ಹೆಚ್ಚಿನ ಅಪಾಯಕ್ಕೆ ಎಡೆಮಾಡುತ್ತವೆ. ನಾವು ಏಕಸಂಬಿ ಎಂದು ಬರೆಯುವ ಊರು ಯಕ್ಸಂಬಾ ಎಂದೂ ಬರೆಯಲ್ಪಡುತ್ತದೆ. ಮೊದಲ ರೂಪವನ್ನಷ್ಟೇ ಬಲ್ಲ ಕ್ರಮವಿಧಿಯು ಎರಡನೆಯದನ್ನು ಅರಿಯದ ಪದವೆಂದು ಹಾಗೆಯೇ ಬಿಟ್ಟುಕೊಡುತ್ತದೆ. ಅಮಾನ್ಯ ಮೌಲ್ಯವು ಮರೆಯಿಲ್ಲದೆ ಹೊರಹೋಗುವ ಸಾಮಾನ್ಯ ದಾರಿ ಇದು. ಹೆಸರಿನ ಸ್ಥಾನದಲ್ಲಿ ಗುರುತಿಸಲಾಗದ ರೂಪ ಬಂದರೆ ಅದನ್ನು ಮೊದಲು ಮರೆಮಾಚಿ, ಪರಿಶೀಲನೆಯ ಬಳಿಕ ಬೇಕಾದರೆ ತೆರೆಯುವುದೇ ಸುರಕ್ಷಿತ ಕ್ರಮ.

ಮಿತಿಮೀರುವ ಪ್ರಶ್ನೆಗೆ ಕನ್ನಡ ಲಿಪಿಯಲ್ಲಿ ತನ್ನದೇ ಆದ ರೂಪವಿದೆ. ‘ಏಕಸಂಬಿ’ಯಲ್ಲಿ ನಾಲ್ಕು ಅಕ್ಷರಗಳು, ಯುನಿಕೋಡಿನಲ್ಲಿ ಆರು ಸಂಕೇತಗಳು, ಯುಟಿಎಫ್-8 ರೂಪದಲ್ಲಿ ಒಂದೊಂದು ಸಂಕೇತಕ್ಕೆ ಮೂರರಂತೆ 18 ಬೈಟುಗಳು. ‘ಯಕ್ಸಂಬಾ’ದಲ್ಲಿ ಅಕ್ಷರಗಳು ಮೂರೇ, ಸಂಕೇತಗಳು ಏಳು, ಬೈಟುಗಳು 21. ಕಣ್ಣಿಗೆ ಚಿಕ್ಕದಾದ ರೂಪ ಯಂತ್ರಕ್ಕೆ ದೊಡ್ಡದು. 10 ಬೈಟುಗಳ ಅಂಕಣದಲ್ಲಿ ಮೊದಲನೆಯದನ್ನು ತುಂಬಿದರೆ ‘ಏಕಸ’ ಉಳಿದು ಹತ್ತನೆಯ ಬೈಟು ಒಡೆದ ಸಂಕೇತವಾಗುತ್ತದೆ. ಹೀಗೆ ಮಿತಿಮೀರಿದ್ದನ್ನು ಕತ್ತರಿಸಿದಾಗ ಅಮಾನ್ಯವೊಂದು ಹುಟ್ಟುತ್ತದೆ, ಮರೆಮಾಚುವ ಪಟ್ಟಿಗೆ ಅದು ಹೊಂದದೆ ತಪ್ಪಿಸಿಕೊಳ್ಳುತ್ತದೆ. ಅಕ್ಷರಕ್ಕೊಂದರಂತೆ ಚುಕ್ಕಿಯಿಟ್ಟು ಮರೆಮಾಚುವುದೂ ಸಾಲದು. ಚಿಕ್ಕ ಊರಿನಲ್ಲಿ ಹೆಸರಿನ ಉದ್ದವೇ ಸುಳಿವು. ಎಲ್ಲ ಹೆಸರುಗಳಿಗೂ ಒಂದೇ ಉದ್ದದ ಗುರುತನ್ನು ಬಳಸುವುದು ಲೇಸು.

8. ಸಮಾರೋಪ

ಈ ಚರಿತ್ರೆಯಿಂದ ನಾವು ತೆಗೆಯುವ ತೀರ್ಮಾನ ಸರಳವಾದುದು. ಉತ್ತರ ದೊರೆಯದಿದ್ದುದು, ಪಟ್ಟಿಗೆ ಹೊಂದದಿದ್ದುದು, ಸ್ಥಾನಕ್ಕೆ ಹಿಡಿಸದೆ ಕತ್ತರಿಸಿದ್ದು, ಬೇರೆಯವರ ಉತ್ತರದಿಂದ ತುಂಬಿದ್ದು, ತಿಳಿದೂ ಮರೆಮಾಚಿದ್ದು ಎಂಬ ಐದಕ್ಕೂ ಐದು ಪ್ರತ್ಯೇಕ ಗುರುತುಗಳು ಇರಬೇಕು. ಕ್ರಮದಲ್ಲಿ ಹೇಳಿದಂತೆಯೇ ಬರೆದ ಮೂಲವನ್ನು ಕಾಯ್ದಿಡುವುದು ಮೊದಲು, ಪರಿಶೀಲಿಸುವುದು ಅನಂತರ, ಮರೆಮಾಚುವುದು ಕೊನೆಗೆ. ಪ್ರಕಟಣೆಯಲ್ಲಿ ವ್ಯಕ್ತಿಯ ಗುರುತು ತೋರದಿದ್ದರೂ ಯಾವ ಕ್ರಿಯೆ ಎಷ್ಟು ಸಲ ನಡೆಯಿತೆಂಬ ಲೆಕ್ಕ ತೋರಬೇಕು. ಎಷ್ಟು ಜನ ಅಮಾನ್ಯರಾದರು, ಎಷ್ಟು ಜನ ಮರೆಯಾದರು ಎಂದು ಬೇರೆಯಾಗಿ ಹೇಳುವುದರಿಂದ ಯಾವ ಮನೆಯ ಗುಟ್ಟೂ ಹೊರಬೀಳುವುದಿಲ್ಲ. ಲೆಕ್ಕವೇ ತೀರ ಚಿಕ್ಕದಾದಲ್ಲಿ ಅದನ್ನು ಮೇಲಿನ ಘಟಕದ ಮಟ್ಟದಲ್ಲಿ ಕೊಡಬಹುದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಂಶೋಧನೆಗೂ ಸಂಖ್ಯಾಶಾಸ್ತ್ರೀಯ ಕಾರ್ಯಕ್ಕೂ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದೆ. ವಿನಾಯಿತಿ ಇದ್ದಷ್ಟೂ ಸಂಶೋಧಕರ ಹೊಣೆ ಹೆಚ್ಚುತ್ತದೆ. 2027ರ ಮಾರ್ಚ್ 1ನ್ನು ಉಲ್ಲೇಖದಿನವಾಗಿ ಘೋಷಿಸಿರುವ ಮುಂದಿನ ಜನಗಣತಿಯಲ್ಲಿ ಉತ್ತರಗಳು ಡಿಜಿಟಲ್ ಸಾಧನದ ಮೂಲಕ ದಾಖಲಾಗಲಿವೆ. ಕಾಗದದ ಅನುಸೂಚಿಯಲ್ಲಿ ಗಣತಿದಾರರು ಕೇಳಿದಂತೆ ಬರೆದುದರಿಂದಲೇ 2011ರ 19,569 ಹೆಸರುಗಳು ನಮಗೆ ತಿಳಿದಿವೆ. ಸಿದ್ಧಪಟ್ಟಿಯಿಂದ ಆರಿಸುವ ಅಂಕಣವಿದ್ದಲ್ಲಿ ಅಮಾನ್ಯ ಉತ್ತರವು ದಾಖಲೆಗೆ ಬರುವ ಮೊದಲೇ ಇಲ್ಲವಾಗುತ್ತದೆ. ಆಗ ಎಷ್ಟು ಉತ್ತರಗಳು ಹಾಗೆ ಹೋದವೆಂದು ಎಣಿಸುವ ದಾರಿಯೂ ಇರುವುದಿಲ್ಲ. ಆದುದರಿಂದ ಪಟ್ಟಿಯ ಪಕ್ಕದಲ್ಲಿ ಹೇಳಿದಂತೆ ಬರೆಯುವ ಸ್ಥಳವೊಂದನ್ನು ಉಳಿಸಬೇಕೆಂದು, ‘ಇತರೆ’ ಸಾಲನ್ನು ಅದರ ಘಟಕಗಳಾಗಿ ಬಿಡಿಸಿ ಪ್ರಕಟಿಸಬೇಕೆಂದು ಭಾಷಾವಿಜ್ಞಾನಿಗಳು ಗಣತಿಯನ್ನು ಕೇಳಬೇಕಾಗಿದೆ. ಅದಕ್ಕೆ ಮೊದಲು ನಮ್ಮ ಪಠ್ಯಕೋಶಗಳಲ್ಲಿ ನಾವು ಅದನ್ನು ಪಾಲಿಸತೊಡಗಬೇಕು.